ಹಕ್ಕಿಯಿಲ್ಲದ ಹಬ್ಬದೂಟ: ನಕಲಿ ಮಾಂಸ ಯಾಕೆ, ಹೇಗೆ?

ನವೆಂಬರ್ ತಿಂಗಳ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅಮೆರಿಕದ ಒಂದು ಮನೆ. ಮೇಜಿನ ನಡುವೆ ಇಡೀ ಟರ್ಕಿ ಕೋಳಿ, ಕೆಂಪಗೆ ಬೆಂದು ಮಿರಮಿರ ಮಿಂಚುತ್ತಿದೆ. ಸುತ್ತ ಹತ್ತು ಹನ್ನೆರಡು ಜನ. ಮನೆಯ ಹಿರಿಯರು ಚಾಕು ಹಿಡಿದು ಎದ್ದು ನಿಂತರೆ ಸಾಕು, ಮಾತೆಲ್ಲ ನಿಂತು ಎಲ್ಲರ ಕಣ್ಣೂ ಅತ್ತ ತಿರುಗುತ್ತದೆ. ಮೊದಲ ತುಂಡು ಯಾರಿಗೆ, ಕಾಲು ಯಾರಿಗೆ ಎಂಬ ತಮಾಷೆ ಶುರುವಾಗುತ್ತದೆ.

ಆ ಮೇಜಿನ ತುದಿಯಲ್ಲಿ ಒಬ್ಬಳು ಸಸ್ಯಾಹಾರಿ ಕೂತಿದ್ದಾಳೆ ಅಂದುಕೊಳ್ಳಿ. ಅವಳೇನೂ ಉಪವಾಸ ಬೀಳುವುದಿಲ್ಲ. ಕ್ರ್ಯಾನ್‌ಬೆರಿ ಸಾಸ್ ಇದೆ, ಹಿಸುಕಿದ ಆಲೂಗಡ್ಡೆ ಇದೆ, ಕುಂಬಳಕಾಯಿ ಪೈ ಇದೆ. ಆದರೆ ಆಲೂಗಡ್ಡೆ ಮೇಲೆ ಸುರಿಯುವ ಗ್ರೇವಿ ಟರ್ಕಿಯಿಂದ ಇಳಿದ ರಸದ್ದು. ಬ್ರೆಡ್ಡಿನ ಸ್ಟಫಿಂಗ್ ಬೆಂದದ್ದು ಹಕ್ಕಿಯ ಹೊಟ್ಟೆಯೊಳಗೆ. ಚಾಕು ಹಿಡಿದವರು ಅವಳ ತಟ್ಟೆಯ ಹತ್ತಿರ ಬಂದಾಗ ಒಂದು ಕ್ಷಣ ತಡವರಿಸಿ ಮುಂದಕ್ಕೆ ಹೋಗುತ್ತಾರೆ. ಹೊಟ್ಟೆ ತುಂಬುತ್ತದೆ, ಹಬ್ಬದಲ್ಲಿ ಮಾತ್ರ ಪಾಲು ಸಿಕ್ಕಂತಾಗುವುದಿಲ್ಲ.

'ಮಾಂಸ ಬೇಡ ಅಂತ ಬಿಟ್ಟವರಿಗೆ ಮಾಂಸದ ಹಾಗೇ ಇರುವ ಪದಾರ್ಥ ಯಾಕಪ್ಪಾ ಬೇಕು?' ಎಂದು ಕೇಳುವವರು ಬಹಳ ಜನ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಉತ್ತರವನ್ನು ನಾಲಿಗೆಯ ಮೇಲಷ್ಟೇ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಆ ಮೇಜಿನ ಮೇಲಿದೆ. ಪಂಕ್ತಿಭೇದ ಅನ್ನುವ ಮಾತು ನಮಗೆ ಗೊತ್ತಲ್ಲ, ನಕಲಿ ಮಾಂಸದ ಕಥೆಯನ್ನು ಹಿಂದಕ್ಕೆ ಕೆದಕುತ್ತ ಹೋದರೆ ಸಿಗುವುದು ಅದೇ. ಜೊತೆಗೆ ಕೂತವರ ತಟ್ಟೆಯಲ್ಲಿ ಇರುವುದು ನನ್ನ ತಟ್ಟೆಯಲ್ಲೂ ಇರಬೇಕು ಅನ್ನುವ ಆಸೆ.

ಹಿಟ್ಟಿನ ಬಲಿ, ಬಾದಾಮಿ ಮೊಟ್ಟೆ

ಈ ಕಥೆ ಅಮೆರಿಕದಲ್ಲಿ ಶುರುವಾದದ್ದಲ್ಲ. ಚೀನಾದಲ್ಲಿ ಲಿಯಾಂಗ್ ವಂಶದ ಚಕ್ರವರ್ತಿ ವೂ ಎಂಬವನಿದ್ದ. ಬೌದ್ಧ ಧರ್ಮದ ಮೇಲೆ ಅವನಿಗೆ ಅಪಾರ ಭಕ್ತಿ. ಬಿಕ್ಕುಗಳು ಮಾಂಸ ಮುಟ್ಟಬಾರದು ಎಂದು ಕಟ್ಟು ಮಾಡಿದ. ಕ್ರಿ.ಶ. 517ರಲ್ಲಿ ಪೂರ್ವಜರ ಗುಡಿಯಲ್ಲಿ ಕೊಡುತ್ತಿದ್ದ ಪ್ರಾಣಿಬಲಿಯನ್ನೂ ನಿಲ್ಲಿಸಿ, ಅದರ ಜಾಗದಲ್ಲಿ ಹಿಟ್ಟಿನ ಬಲಿ ಇಡಿಸಿದ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಪ್ರಾಣಿ ಹೋಯಿತು, ಆದರೆ ಬಲಿಯ ಜಾಗ ಖಾಲಿ ಬೀಳಲಿಲ್ಲ.

ಒಂಬತ್ತನೇ ಶತಮಾನದ ಇನ್ನೊಬ್ಬನ ಕಥೆ ಇನ್ನೂ ಸ್ವಾರಸ್ಯ. ಟಾಂಗ್ ಕಾಲದ ದೊಡ್ಡ ಅಧಿಕಾರಿ ಚುಯ್ ಆನ್‌ಚಿಯನ್ ಪಕ್ಕಾ ಸಸ್ಯಾಹಾರಿ. ಕಷ್ಟ ಏನೆಂದರೆ ಅಧಿಕಾರಿ ಅಂದಮೇಲೆ ಔತಣ ಕೊಡಲೇಬೇಕು. ಔತಣ ಅಂದಮೇಲೆ ಹಂದಿ, ಕುರಿ ಇರಲೇಬೇಕು. ಅವನು ತರಕಾರಿ, ಹಿಟ್ಟುಗಳಲ್ಲೇ ಹಂದಿಯ ಭುಜ, ಕುರಿಯ ತೊಡೆ ಮಾಡಿಸಿ ಬಡಿಸಿದನಂತೆ. ಸುಮ್ನೆ ಸೊಪ್ಪು ಬೇಯಿಸಿ ಇಟ್ಟಿದ್ದರೂ ಯಾರೂ ಹಸಿದುಕೊಂಡು ಹೋಗುತ್ತಿರಲಿಲ್ಲ. ಆದರೆ ಅದನ್ನು ಔತಣ ಅಂತ ಯಾರೂ ಕರೆಯುತ್ತಿರಲಿಲ್ಲ.

ಜಪಾನಿನಲ್ಲಿ ತೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ತರಕಾರಿಯ ಜೊತೆ ಕಲಸಿ ಕರಿದು ಮಾಡುವ ಉಂಡೆಗೆ 'ಗನ್‌ಮೊದೊಕಿ' ಎನ್ನುತ್ತಾರೆ. ಗನ್ ಅಂದರೆ ಕಾಡುಬಾತು, ಮೊದೊಕಿ ಅಂದರೆ ಅದರ ಅಣಕ. ಇವತ್ತು ಅದನ್ನು ತಿನ್ನುವವರಿಗೆ ಬಾತಿನ ನೆನಪೂ ಬರುವುದಿಲ್ಲ. ಅಣಕಿಸಲು ಬಂದದ್ದು ತಾನೇ ಒಂದು ತಿಂಡಿಯಾಗಿ ನಿಂತುಬಿಟ್ಟಿದೆ.

ಯುರೋಪಿನ ಕ್ರೈಸ್ತರಿಗೆ ಈಸ್ಟರ್‌ಗೆ ಮುಂಚಿನ 40 ದಿನ ಲೆಂಟ್ ಉಪವಾಸ. ಮಧ್ಯಯುಗದಲ್ಲಿ ಆಗ ಮಾಂಸ ಮಾತ್ರವಲ್ಲ, ಹಾಲು, ಮೊಟ್ಟೆಗೂ ನಿಷೇಧವಿತ್ತು. ಶ್ರೀಮಂತರ ಅಡುಗೆಯವರು ಸುಮ್ಮನಿರುತ್ತಾರೆಯೇ? ಮೊಟ್ಟೆಗೆ ತೂತು ಕೊರೆದು ಒಳಗಿನದನ್ನೆಲ್ಲ ಊದಿ ತೆಗೆದು, ಖಾಲಿ ಚಿಪ್ಪಿಗೆ ಬಾದಾಮಿ ಹಾಲನ್ನು ಗಟ್ಟಿ ಮಾಡಿ ತುಂಬುತ್ತಿದ್ದರು. ಹಳದಿ ಭಾಗಕ್ಕೆ ಕೇಸರಿ. ವ್ರತವೂ ಕೆಡಲಿಲ್ಲ, ಮೊಟ್ಟೆಯೂ ತಪ್ಪಲಿಲ್ಲ. ಇಷ್ಟು ಒದ್ದಾಡುವ ಬದಲು 40 ದಿನ ಮೊಟ್ಟೆ ಮರೆತಿದ್ದರೆ ಆಗುತ್ತಿರಲಿಲ್ಲವೇ ಅನ್ನಿಸುತ್ತದೆ, ಅಲ್ವಾ? ಆದರೆ ಅವರಿಗೆ ಬೇಕಾಗಿದ್ದದ್ದು ಮೊಟ್ಟೆಯ ರುಚಿಗಿಂತ ಜಾಸ್ತಿಯಾಗಿ ಮೊಟ್ಟೆ ಒಡೆಯುವ ಮೋಜು.

ಬ್ಯಾಟಲ್ ಕ್ರೀಕ್‌ನಿಂದ ಮರದ ಮೇಲಿನ ಮನೆಗೆ

ಅಮೆರಿಕದಲ್ಲಿ 1863 ಒಂದು ವಿಚಿತ್ರ ವರ್ಷ. ಆ ವರ್ಷ ಅಧ್ಯಕ್ಷ ಅಬ್ರಹಾಂ ಲಿಂಕನ್ ಥ್ಯಾಂಕ್ಸ್‌ಗಿವಿಂಗ್ ಅನ್ನು ಇಡೀ ದೇಶದ ಹಬ್ಬವೆಂದು ಘೋಷಿಸಿದರು. ಅದೇ ವರ್ಷ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚು ಸಂಸ್ಥೆಯಾಗಿ ಕಣ್ಣು ಬಿಟ್ಟಿತು. ಮಾಂಸ ಬಿಟ್ಟು ಬದುಕುವುದೇ ಒಳ್ಳೆಯದು ಎಂದು ಬೋಧಿಸಿದ ಚರ್ಚು ಅದು. ಟರ್ಕಿಯ ಹಬ್ಬವೂ, ಟರ್ಕಿ ಬೇಡ ಅನ್ನುವವರೂ ಒಂದೇ ವರ್ಷ ಗಟ್ಟಿಯಾಗಿ ನೆಲೆಯೂರಿದರು.

ಅದೇ ಚರ್ಚಿನ ನೆರಳಲ್ಲಿ ಬೆಳೆದ ವೈದ್ಯ ಜಾನ್ ಹಾರ್ವಿ ಕೆಲಾಗ್. ಕಾರ್ನ್ ಫ್ಲೇಕ್ಸ್‌ನಿಂದ ನಮಗೆ ಪರಿಚಿತ ಹೆಸರು. ಬ್ಯಾಟಲ್ ಕ್ರೀಕ್‌ನ ಅವರ ಆರೋಗ್ಯಧಾಮದಲ್ಲಿ ಮಾಂಸಕ್ಕೆ ಜಾಗವಿರಲಿಲ್ಲ. ಅಲ್ಲಿಗೆ ಬರುತ್ತಿದ್ದವರೋ ಮಾಂಸ ತಿಂದು ಬೆಳೆದ ದೊಡ್ಡ ಮನುಷ್ಯರು. ಅವರಿಗಾಗಿ 1896ರ ಹೊತ್ತಿಗೆ ಕಡಲೆಕಾಯಿ ಬೀಜದಿಂದ 'ನಟ್ಟೋಸ್' ತಯಾರಾಯಿತು. ಆಮೇಲೆ ಕಡಲೆಕಾಯಿಯ ಜೊತೆ ಗೋಧಿಯ ಪ್ರೋಟೀನ್ ಆದ ಗ್ಲುಟೆನ್ ಸೇರಿಸಿದ 'ಪ್ರೊಟೋಸ್' ಬಂತು. ಡಬ್ಬಿಯಲ್ಲಿ ಬರುತ್ತಿತ್ತು. ಹೋಳು ಮಾಡಿ ಹುರಿಯಬಹುದು, ಇಡಿಯಾಗಿ ಓವನ್‌ನಲ್ಲೂ ಇಡಬಹುದು.

ಇನ್ನು ಸೀದಾ 1980ಕ್ಕೆ ಬರೋಣ. ಒರೆಗಾನ್ ರಾಜ್ಯದಲ್ಲಿ ಸೆತ್ ಟಿಬ್ಬಟ್ ಎಂಬವರು 2,500 ಡಾಲರ್ ಉಳಿತಾಯ ಹಾಕಿ ಟೆಂಪೆ ಮಾಡುವ ಕಂಪನಿ ಶುರು ಮಾಡಿದರು. ಟೆಂಪೆ ಅಂದರೆ ಸೋಯಾಬೀನನ್ನು ಒಂದು ಜಾತಿಯ ಬೂಷ್ಟಿನಿಂದ ಹುದುಗಿಸಿ ಮಾಡುವ ಇಂಡೋನೇಷ್ಯಾದ ಆಹಾರ. ವರ್ಷಗಟ್ಟಲೆ ಕೈ ಕಚ್ಚಿದ ವ್ಯಾಪಾರ. ಖರ್ಚು ಉಳಿಸಲು ಅವರು ಮರದ ಮೇಲೆ ತಾವೇ ಮನೆ ಕಟ್ಟಿಕೊಂಡು ಅಲ್ಲೇ ಇದ್ದರು. 1995ರಲ್ಲಿ ಹಬ್ಬಕ್ಕೆಂದು ಒಂದು ಉಂಡೆ ತಂದರು. ಹೊರಗೆ ತೋಫು ಮತ್ತು ಗೋಧಿ ಗ್ಲುಟೆನ್, ಒಳಗೆ ಬ್ರೆಡ್ಡಿನ ಸ್ಟಫಿಂಗ್, ಜೊತೆಗೆ ಗ್ರೇವಿ. ತೋಫುವಿಗೆ ಟರ್ಕಿ ಸೇರಿಸಿ ಇಟ್ಟ ಹೆಸರು 'ಟೋಫರ್ಕಿ'. ಹೆಸರು ಕೇಳಿದವರೆಲ್ಲ ನಕ್ಕರು. ಟಿವಿಯಲ್ಲಿ ಜೋಕುಗಳಾದವು. ಆ ಜೋಕುಗಳೇ ಪುಕ್ಕಟೆ ಜಾಹೀರಾತೂ ಆದವು.

ನನ್ನ ಲೆಕ್ಕದಲ್ಲಿ ಟಿಬ್ಬಟ್ ಅವರ ಜಾಣತನ ಇರುವುದು ತೋಫುವಿನಲ್ಲಲ್ಲ, ಪೆಟ್ಟಿಗೆಯಲ್ಲಿ. ಅಂಗಡಿಯಲ್ಲಿ ಆಗಲೇ ವೆಜ್ ಬರ್ಗರ್ ಸಿಗುತ್ತಿತ್ತು. ಆದರೆ ಅದು ಒಬ್ಬರ ತಟ್ಟೆಯ ತಿಂಡಿ. ಟೋಫರ್ಕಿ ಮೇಜಿನ ನಡುವೆ ಇಡುವಂಥದ್ದು. ಅದನ್ನು ಕೊಯ್ಯಬೇಕು, ಹಂಚಬೇಕು, ಮೇಲೆ ಗ್ರೇವಿ ಸುರಿಯಬೇಕು. ಊಟದ ಜೊತೆ ಅದರ ಶಾಸ್ತ್ರವೂ ಒಂದೇ ಪೆಟ್ಟಿಗೆಯಲ್ಲಿ ಬಂತು.

ಬುತ್ತಿಯನ್ನು ಹಗ್ಗ ಮಾಡುವುದು

ಈಗ ಅಸಲು ಕಷ್ಟಕ್ಕೆ ಬರೋಣ. ಗಿಡದಿಂದ ಮಾಂಸದಂಥದ್ದನ್ನು ಮಾಡುವುದು ಯಾಕಿಷ್ಟು ತಾಪತ್ರಯ?

ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಐದರಲ್ಲೊಂದು ಪಾಲು ಪ್ರೋಟೀನ್. ಉಳಿದದ್ದರಲ್ಲಿ ಕೊಬ್ಬೇ ಜಾಸ್ತಿ. ಈ ಲೆಕ್ಕ ಸರಿಹೊಂದಿಸುವುದು ಸುಲಭ, ಸೋಯಾದಲ್ಲೂ ಬಟಾಣಿಯಲ್ಲೂ ಬೇಕಾದಷ್ಟು ಪ್ರೋಟೀನ್ ಇದೆ. ತೊಂದರೆ ಇರುವುದು ಆಕಾರದಲ್ಲಿ. ಪ್ರಾಣಿಯ ಸ್ನಾಯು ಎಳೆಯುವ ಕೆಲಸ ಮಾಡುವ ಅಂಗ. ಅದರ ಪ್ರೋಟೀನ್ ಉದ್ದುದ್ದ ಎಳೆಗಳಾಗಿ, ಎಳೆಗಳು ಕಟ್ಟುಗಳಾಗಿ, ಹಗ್ಗ ಹೊಸೆದ ಹಾಗೆ ಇರುತ್ತದೆ. ಕಾಳಿನ ಪ್ರೋಟೀನ್ ಹಾಗಲ್ಲ. ಅದು ಮೊಳಕೆ ಒಡೆಯುವ ಹೊತ್ತಿಗೆಂದು ಗಿಡ ಕಟ್ಟಿಟ್ಟ ಬುತ್ತಿ. ಪುಟ್ಟ ಪುಟ್ಟ ಉಂಡೆಗಳಾಗಿ ಮುದುಡಿ ಕೂತಿರುತ್ತದೆ. ಕಾಳು ಬೇಯಿಸಿದರೆ ಹಿಟ್ಟಾಗುವುದು, ಮಾಂಸ ಬೇಯಿಸಿದರೆ ಎಳೆ ಎಳೆಯಾಗಿ ಬಿಡುವುದು ಇದಕ್ಕೇ. ನಕಲಿ ಮಾಂಸದ ವಿದ್ಯೆಯೆಲ್ಲ ಈ ಬುತ್ತಿಯನ್ನು ಹಗ್ಗ ಮಾಡುವ ವಿದ್ಯೆ.

ಹಳೆಯ ದಾರಿ ಗೋಧಿಯದ್ದು. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ನೀರಿನೊಳಗೆ ಹಿಸುಕಿ ಹಿಸುಕಿ ತೊಳೆಯಬೇಕು. ಪಿಷ್ಟವೆಲ್ಲ ಬೆಳ್ಳಗೆ ಹಾಲಿನಂತೆ ಹರಿದು ಹೋಗುತ್ತದೆ. ಕೈಯಲ್ಲಿ ಉಳಿಯುವುದು ರಬ್ಬರಿನಂಥ ಒಂದು ಮುದ್ದೆ, ಅದೇ ಗ್ಲುಟೆನ್. ಅದರಲ್ಲಿ ಗ್ಲಯಾಡಿನ್ ಎಂಬ ಪ್ರೋಟೀನ್ ಹಿಗ್ಗುವ ಗುಣ ಕೊಟ್ಟರೆ, ಗ್ಲುಟೆನಿನ್ ಎಂಬುದು ಹಿಂದಕ್ಕೆ ಜಗ್ಗುತ್ತದೆ. ಎರಡೂ ಸೇರಿ ಒಂದು ಬಲೆ. ಆ ಮುದ್ದೆಯನ್ನು ಎಳೆದು, ಹೊಸೆದು, ಸುತ್ತಿ ಬೇಯಿಸಿದರೆ ಎಳೆ ಬರುತ್ತದೆ. ಚೀನಾದ ಅಡುಗೆಯವರಿಗೆ ಸಾವಿರ ವರ್ಷಕ್ಕೂ ಹಿಂದೆ ಇದು ಗೊತ್ತಿತ್ತು. ಇದಕ್ಕೆ ಈಗಿರುವ 'ಸೈಟಾನ್' ಎಂಬ ಹೆಸರು ಮಾತ್ರ ಇಪ್ಪತ್ತನೇ ಶತಮಾನದ್ದು. ಇದನ್ನು ಸಣ್ಣ ಉರಿಯಲ್ಲಿ ಬೇಯಿಸಬೇಕು. ಕೊತಕೊತ ಕುದಿಸಿದರೆ ಗಾಳಿ ತುಂಬಿ ಸ್ಪಂಜು ಆಗುತ್ತದೆ.

ಎರಡನೆಯ ದಾರಿ ಬಟ್ಟೆ ಗಿರಣಿಯಿಂದ ಬಂತು. ಕಾರು ಕಂಪನಿಯ ಹೆನ್ರಿ ಫೋರ್ಡ್‌ಗೆ ಸೋಯಾ ಅಂದರೆ ಹುಚ್ಚು ಪ್ರೀತಿ. ಅವರ ಬಳಿ ಕೆಲಸ ಮಾಡಿದ್ದ ರಾಬರ್ಟ್ ಬೋಯರ್ ಸೋಯಾ ಪ್ರೋಟೀನಿನಿಂದ ಬಟ್ಟೆಯ ನೂಲು ತೆಗೆಯುವ ಪ್ರಯತ್ನದಲ್ಲಿದ್ದರು. ಪ್ರೋಟೀನನ್ನು ಕ್ಷಾರದಲ್ಲಿ ಕರಗಿಸಿ, ಸಣ್ಣ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಒತ್ತಿದರೆ ದಾರದಂತೆ ಗಟ್ಟಿಯಾಗುತ್ತದೆ. ತೊಡುವ ನೂಲನ್ನು ತಿನ್ನಲೂಬಹುದಲ್ಲ ಎಂದು ಅವರಿಗೆ ಹೊಳೆಯಿತು. 1954ರಲ್ಲಿ ಪೇಟೆಂಟ್ ಸಿಕ್ಕಿತು. ಬುದ್ಧಿವಂತಿಕೆಯ ಕೆಲಸವೇ, ಆದರೆ ದುಬಾರಿ.

ಅದನ್ನು ಹಿಂದೆ ಹಾಕಿದ್ದು ಎಕ್ಸ್‌ಟ್ರೂಡರ್ ಎಂಬ ಯಂತ್ರ. ಉದ್ದನೆಯ ಕೊಳವೆ, ಒಳಗೆ ತಿರುಗುವ ದೊಡ್ಡ ತಿರುಪು. ಕೊಬ್ಬು ತೆಗೆದ ಸೋಯಾ ಹಿಟ್ಟು ನೀರಿನ ಜೊತೆ ಒಳಗೆ ಹೋಗಿ, ಬಿಸಿಗೂ ಒತ್ತಡಕ್ಕೂ ಸಿಕ್ಕಿ ಕರಗಿದ ಹಾಗಾಗುತ್ತದೆ. ಮುದುಡಿದ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ. ಕೊಳವೆಯ ಬಾಯಿಂದ ಹೊರಬಿದ್ದ ತಕ್ಷಣ ಒತ್ತಡ ಇಳಿದು, ನೀರೆಲ್ಲ ಆವಿಯಾಗಿ, ಹಿಟ್ಟು ಉಬ್ಬುತ್ತದೆ. ನಮಗೆ ಗೊತ್ತಿರುವ ಸೋಯಾ ಚಂಕ್ಸ್ ಹುಟ್ಟುವುದು ಹೀಗೆ. ಅದು 1960ರ ದಶಕದ ವಿದ್ಯೆ. ಅಗಿದರೆ ಸ್ಪಂಜಿನಂತೆ ಅನ್ನಿಸುವುದಕ್ಕೆ ಕಾರಣವೂ ಇದೇ ಉಬ್ಬು.

ಈಗಿನ ಯಂತ್ರಗಳಲ್ಲಿ ಒಂದು ತಿದ್ದುಪಡಿ ಇದೆ. ನೀರು ಜಾಸ್ತಿ ಹಾಕುತ್ತಾರೆ. ಬಿಸಿ 130ರಿಂದ 160 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆದರೆ ಹಿಟ್ಟನ್ನು ತಟ್ಟನೆ ಹೊರಗೆ ಬಿಡುವುದಿಲ್ಲ. ಬಾಯಿಗೆ ಇನ್ನೊಂದು ಉದ್ದನೆಯ ತಣ್ಣನೆಯ ಕೊಳವೆ ಜೋಡಿಸಿರುತ್ತಾರೆ. ಅದರಲ್ಲಿ ಹಿಟ್ಟು ನಿಧಾನ ಹರಿಯುವಾಗ ಅಂಚು ಮೊದಲು ತಣಿದು ನಿಧಾನವಾಗುತ್ತದೆ, ನಡುವಿನದು ಮುಂದಕ್ಕೆ ಜಾರುತ್ತದೆ. ಈ ಜಗ್ಗಾಟದಲ್ಲಿ ಪ್ರೋಟೀನ್ ಹರಿವಿನ ದಿಕ್ಕಿಗೇ ಪದರ ಪದರವಾಗಿ ಸಾಲುಗಟ್ಟಿ ಗಟ್ಟಿಯಾಗುತ್ತದೆ. ಬಿಡಿಸಿ ನೋಡಿದರೆ ಬೆಂದ ಕೋಳಿಯ ಎದೆಯ ಮಾಂಸದ ಹಾಗೆ ಎಳೆ ಬಿಡುತ್ತದೆ.

ಇಷ್ಟೆಲ್ಲ ರಗಳೆ ಬೇಡವೇ ಬೇಡ ಅಂದರೆ, ಹುಟ್ಟುತ್ತಲೇ ಎಳೆಯಾಗಿರುವ ಜೀವಿಯನ್ನು ಹುಡುಕಬೇಕು. ಬ್ರಿಟನ್ನಿನಲ್ಲಿ ಅದನ್ನೇ ಮಾಡಿದರು. 1967ರಲ್ಲಿ ಮಾರ್ಲೋ ಎಂಬ ಊರಿನ ಮಣ್ಣಿನಲ್ಲಿ ಒಂದು ಶಿಲೀಂಧ್ರ ಸಿಕ್ಕಿತು, ಫ್ಯುಸೇರಿಯಂ ವೆನೆನೇಟಂ. ಅದನ್ನು ದೊಡ್ಡ ತೊಟ್ಟಿಗಳಲ್ಲಿ ಗ್ಲೂಕೋಸ್ ಉಣ್ಣಿಸಿ ಬೆಳೆಸುತ್ತಾರೆ. 1985ರಲ್ಲಿ 'ಕ್ವಾರ್ನ್' ಹೆಸರಿನಲ್ಲಿ ಅಂಗಡಿಗೆ ಬಂತು. ಒಂದು ಎಚ್ಚರಿಕೆ: ಆ ಎಳೆಗಳನ್ನು ಅಂಟಿಸಲು ಕ್ವಾರ್ನ್‌ನ ಹಲವು ಪದಾರ್ಥಗಳಲ್ಲಿ ಮೊಟ್ಟೆಯ ಬಿಳಿ ಭಾಗ ಹಾಕುತ್ತಾರೆ. ಸಸ್ಯಾಹಾರಿ ಎಂದು ಬರೆದಿದೆ ಅಂತ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ, ಲೇಬಲ್ ಓದಬೇಕು.

ಬರ್ಗರ್ ಸುಲಭ, ಇಡೀ ಹಕ್ಕಿ ಕಷ್ಟ

2016ರಲ್ಲಿ ಇಂಪಾಸಿಬಲ್ ಕಂಪನಿಯ ಬರ್ಗರ್ ಬಂದಾಗ ದೊಡ್ಡ ಸುದ್ದಿಯಾಯಿತು. ಕೊಯ್ದರೆ ಕೆಂಪು ರಸ! ಗುಟ್ಟು ಇಷ್ಟೇ. ಸೋಯಾ ಗಿಡದ ಬೇರಿನ ಗಂಟುಗಳಲ್ಲಿ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನಂಥ ಒಂದು ಪ್ರೋಟೀನ್ ಇರುತ್ತದೆ, ಲೆಗ್‌ಹಿಮೋಗ್ಲೋಬಿನ್. ಅದರ ಜೀನನ್ನು ಯೀಸ್ಟ್‌ಗೆ ಸೇರಿಸಿ ತೊಟ್ಟಿಗಳಲ್ಲಿ ತಯಾರಿಸುತ್ತಾರೆ. ಬಣ್ಣವೂ ಬರುತ್ತದೆ, ಬಿಸಿಯಾದಾಗ ಮಾಂಸದ ವಾಸನೆಯೂ ಬರುತ್ತದೆ.

ಆದರೆ ಬರ್ಗರ್ ಅಂದರೆ ಕೊಚ್ಚಿದ ಮಾಂಸ. ಕೊಚ್ಚುವಾಗಲೇ ಎಳೆಯೆಲ್ಲ ತುಂಡಾಗಿರುತ್ತದೆ. ನಕಲು ಮಾಡುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಚೂರುಗಳನ್ನು ಹಿಡಿದಿಡಲು ಮೀಥೈಲ್ ಸೆಲ್ಯುಲೋಸ್ ಎಂಬ ಅಂಟು ಹಾಕುತ್ತಾರೆ. ಅದರ ಸ್ವಭಾವವೇ ಉಲ್ಟಾ. ತಣ್ಣನೆಯ ನೀರಿನಲ್ಲಿ ಕರಗುತ್ತದೆ, ಬಿಸಿ ಮಾಡಿದರೆ ಗಟ್ಟಿಯಾಗುತ್ತದೆ, ಆರಿದರೆ ಮತ್ತೆ ಸಡಿಲ. ಹಾಗಾಗಿ ಬಾಣಲೆಯಲ್ಲಿ ಬರ್ಗರ್ ಪುಡಿಯಾಗದೆ ನಿಲ್ಲುತ್ತದೆ. ಕೊಬ್ಬಿನ ಜಾಗಕ್ಕೆ ಹೆಚ್ಚಾಗಿ ತೆಂಗಿನ ಎಣ್ಣೆ. ಅದು ಸುಮಾರು 24 ಡಿಗ್ರಿಗೇ ಕರಗಿಬಿಡುತ್ತದೆ, ದನದ ಕೊಬ್ಬು ಕರಗಲು ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಬೇಕು. ಆದ್ದರಿಂದ ನಕಲಿ ಬರ್ಗರಿನ ರಸ ಬೇಗ ಹರಿದು ಬೇಗ ಮುಗಿಯುತ್ತದೆ.

ಟರ್ಕಿಗೆ ಈ ಕೆಂಪು ರಸದ ಚಮತ್ಕಾರ ಉಪಯೋಗಕ್ಕೇ ಬರುವುದಿಲ್ಲ. ಅದರ ಎದೆಯ ಮಾಂಸ ಬಿಳಿ. ಅಲ್ಲಿ ಬೇಕಾದದ್ದು ಗರಿಗರಿ ಚರ್ಮ, ಒಂದು ಕಡೆ ಬಿಳಿ ಇನ್ನೊಂದು ಕಡೆ ಕಪ್ಪು ಮಾಂಸ, ಮೂಳೆಯ ಸುತ್ತಲಿನ ರಸ. ಚರ್ಮಕ್ಕೆ ಸೋಯಾ ಹಾಲು ಕಾಯಿಸಿದಾಗ ಮೇಲೆ ಕಟ್ಟುವ ಕೆನೆಯನ್ನು ಸುತ್ತುವುದುಂಟು. ಚೀನಾದ ನಕಲಿ ಬಾತುಕೋಳಿಯದ್ದೂ ಇದೇ ಉಪಾಯ. ಅದು ಚೆನ್ನಾಗಿಯೇ ಗರಿಗರಿಯಾಗುತ್ತದೆ. ಉಳಿದದ್ದು ಕಷ್ಟ. ಅದಕ್ಕಿಂತ ದೊಡ್ಡ ತೊಂದರೆ ಓವನ್ನಿನದ್ದು. ಹಸಿ ಟರ್ಕಿ ಗಂಟೆಗಟ್ಟಲೆ ಬೇಯಬೇಕು, ಬೇಯುತ್ತಾ ತನ್ನದೇ ಕೊಬ್ಬಿನಲ್ಲಿ ತೋಯುತ್ತದೆ. ಟೋಫರ್ಕಿಯಂಥ ಪೆಟ್ಟಿಗೆಯ ರೋಸ್ಟ್ ಮೊದಲೇ ಬೆಂದಿರುತ್ತದೆ, ಕರಗಲು ಒಳಗೆ ಕೊಬ್ಬೂ ಹೆಚ್ಚಿಲ್ಲ. ಟರ್ಕಿಯ ಪಕ್ಕದಲ್ಲೇ ಅಷ್ಟೇ ಹೊತ್ತು ತೆರೆದಿಟ್ಟರೆ ಒಣಗಿ ಚಕ್ಕಳವಾಗುತ್ತದೆ. 'ಒಂದು ಸಲ ತಿಂದೆ, ಸಾಕಾಯಿತು' ಅನ್ನುವವರಲ್ಲಿ ಎಷ್ಟೋ ಜನರಿಗೆ ಸಿಕ್ಕಿದ್ದು ಬಹುಶಃ ಈ ಚಕ್ಕಳವೇ. ಪಾತ್ರೆಯಲ್ಲಿ ಕ್ಯಾರೆಟ್, ಈರುಳ್ಳಿ ಹರಡಿ, ಮೇಲೆ ರೋಸ್ಟ್ ಇಟ್ಟು, ತರಕಾರಿ ಬೇಯಿಸಿದ ರಸ ಹಾಕಿ ಬಿಗಿಯಾಗಿ ಮುಚ್ಚಬೇಕು. ಕೊನೆಯ ಸ್ವಲ್ಪ ಹೊತ್ತು ಮಾತ್ರ ತೆರೆದು, ಎಣ್ಣೆ, ಸೋಯಾ ಸಾಸ್ ಸವರಿ ಕೆಂಪಾಗಿಸಬೇಕು.

ಹಕ್ಕಿಯ ರುಚಿ ಇರುವುದು ಹಕ್ಕಿಯಲ್ಲೇನಾ?

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಎಲ್ಲಕ್ಕೂ ರೇಷನ್. ಆಗ 'ಮಾಕ್ ಗೂಸ್' ಎಂಬ ಅಡುಗೆ ಬಂತು. ಅಂದರೆ ನಕಲಿ ಬಾತುಕೋಳಿ. ಅದರಲ್ಲಿದ್ದದ್ದು ಆಲೂಗಡ್ಡೆ, ಸೇಬು, ಚೀಸ್, ಸೇಜ್ ಎಂಬ ಸೊಪ್ಪು, ಅಷ್ಟೇ. ಬಾತಿನಂಥದ್ದು ಏನೂ ಇಲ್ಲ. ಆದರೆ ಸೇಬು ಮತ್ತು ಸೇಜ್ ಇಂಗ್ಲೆಂಡಿನಲ್ಲಿ ಬಾತುಕೋಳಿಯ ಜೊತೆ ಎಂದೂ ಬಿಡದೆ ಬರುತ್ತಿದ್ದವು. ಬಾತು ಬರದಿದ್ದರೂ ಅದರ ಸಂಗಾತಿಗಳು ಬಂದವು. ಮೂಗು ಉಳಿದದ್ದನ್ನು ತಾನೇ ತುಂಬಿಕೊಂಡಿತು.

ಥ್ಯಾಂಕ್ಸ್‌ಗಿವಿಂಗ್ ದಿನ 'ಟರ್ಕಿಯ ಘಮ' ಎಂದು ಅಮೆರಿಕದವರು ನೆನೆಯುವುದರಲ್ಲೂ ಸೇಜ್, ಥೈಮ್, ಹುರಿದ ಈರುಳ್ಳಿ, ಬೆಣ್ಣೆಯ ಪಾಲೇ ದೊಡ್ಡದು. ಟರ್ಕಿಯ ಎದೆ ಮಾಂಸ ತನ್ನಷ್ಟಕ್ಕೆ ಸಪ್ಪೆ. ಸಪ್ಪೆಯ ಮೇಲೆ ಜೀವ ಸುರಿಯುವುದು ಗ್ರೇವಿ. ಹಾಗಾಗಿ ಸಸ್ಯಾಹಾರಿ ಅತಿಥಿಗೆ ಒಂದೇ ಒಂದು ಪದಾರ್ಥ ಬೇರೆ ಮಾಡುವ ಪುರುಸೊತ್ತು ಇದ್ದರೆ, ರೋಸ್ಟ್ ಬಿಡಿ, ಗ್ರೇವಿ ಮಾಡಿ ಎನ್ನುತ್ತೇನೆ. ಒಣ ಶಿಟಾಕೆ ಅಣಬೆ ನೆನೆಸಿದ ನೀರು, ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಸ್ವಲ್ಪ ಸೋಯಾ ಸಾಸ್, ಬೆಣ್ಣೆಯಲ್ಲಿ ಹುರಿದ ಮೈದಾ. ಇದು ಕೆಲಸ ಮಾಡುವುದಕ್ಕೆ ಕಾರಣವಿದೆ. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಗ್ಲುಟಮೇಟ್‌ನಿಂದ ಬರುವ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಮಾಂಸದ ರಸದಲ್ಲಿ ನಮಗೆ ಹಿಡಿಸುವುದು ಬಹಳಮಟ್ಟಿಗೆ ಅದೇ. ಸೋಯಾ ಸಾಸಿನಲ್ಲಿ ಗ್ಲುಟಮೇಟ್ ಧಾರಾಳ. ಒಣ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ವಸ್ತು. ಎರಡೂ ಕೂಡಿದರೆ ನಾಲಿಗೆಗೆ ರುಚಿ ಲೆಕ್ಕಕ್ಕಿಂತ ಹಲವು ಪಟ್ಟು ಜೋರಾಗಿ ತಟ್ಟುತ್ತದೆ. ಈ ಗ್ರೇವಿಯನ್ನು ಮೇಜಿನಲ್ಲಿದ್ದ ಎಲ್ಲರೂ ಸುರಿದುಕೊಳ್ಳಬಹುದು.

ನಕಲಿಗೆ ಹೋಗದ ಇನ್ನೊಂದು ದಾರಿಯೂ ಇದೆ. ಬ್ರಿಟನ್ನಿನ ಸಸ್ಯಾಹಾರಿಗಳ ಸಂಘ ಹುಟ್ಟಿದ್ದು 1847ರಲ್ಲಿ. ಅಲ್ಲಿನ ಸಸ್ಯಾಹಾರಿಗಳ ಕ್ರಿಸ್‌ಮಸ್ ಊಟಕ್ಕೆ ಬಹಳ ಕಾಲದಿಂದ ನಟ್ ರೋಸ್ಟ್ ಇದೆ. ಅಕ್ರೋಟು ಅಥವಾ ಬೇರೆ ಬೀಜ, ಬ್ರೆಡ್ ಪುಡಿ, ಈರುಳ್ಳಿ, ಸೊಪ್ಪು ಸೇರಿಸಿ ಇಟ್ಟಿಗೆಯ ಆಕಾರಕ್ಕೆ ಬೇಯಿಸುತ್ತಾರೆ. ಅದು ಮಾಂಸದಂತೆ ನಟಿಸುವುದಿಲ್ಲ, ಎಳೆಯೂ ಇಲ್ಲ, ರಸವೂ ಇಲ್ಲ. ಆದರೂ ಚಾಕು ಹಿಡಿದು ಹೋಳು ಮಾಡಿ ಹಂಚಲು ಬರುತ್ತದೆ. ಅದು ಇಷ್ಟು ಕಾಲ ಬಾಳಿದ್ದಕ್ಕೆ ಇದೇ ಕಾರಣ ಅಂತ ನನ್ನ ಅನುಮಾನ.

ಹೆಸರಿನ ಜಗಳ

ನಕಲಿ ಮಾಂಸಕ್ಕೆ ಮಾಂಸದ ಹೆಸರು ಇಡಬಹುದೇ? ಈ ಜಗಳ ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಕೊಲೋನ್ ನಗರದ ಮೇಯರ್ ಆಗಿದ್ದ ಕೊನ್ರಾಡ್ ಅಡೆನಾವರ್ ಸೋಯಾ ಹಿಟ್ಟಿನ ಸಾಸೇಜ್ ಕಂಡುಹಿಡಿದರು. ಮುಂದೆ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರಲ್ಲ, ಅವರೇ. ಜರ್ಮನಿಯಲ್ಲಿ ಪೇಟೆಂಟ್ ಸಿಗಲಿಲ್ಲ. ಮಾಂಸವಿಲ್ಲದ ಮೇಲೆ ಅದು ಸಾಸೇಜ್ ಹೇಗಾಗುತ್ತದೆ ಎಂಬುದು ಅಲ್ಲಿನ ನಿಯಮ. 1918ರಲ್ಲಿ ಪೇಟೆಂಟ್ ಕೊಟ್ಟದ್ದು ಬ್ರಿಟನ್, ಜರ್ಮನಿ ಯುದ್ಧ ಮಾಡುತ್ತಿದ್ದ ಶತ್ರು ದೇಶ!

ಈಗಲೂ ಅದೇ ತಕರಾರು. 2018ರಲ್ಲಿ ಅಮೆರಿಕದ ಮಿಸೌರಿ ರಾಜ್ಯ, ಪ್ರಾಣಿಯಿಂದ ಬಾರದ್ದನ್ನು ಮಾಂಸ ಎಂದು ಮಾರಬಾರದು ಎಂಬ ಕಾನೂನು ತಂದಿತು. ಮರುವರ್ಷ ಆರ್ಕನ್ಸಾ ರಾಜ್ಯ ತಂದ ಕಾನೂನನ್ನು ಟೋಫರ್ಕಿ ಕಂಪನಿ ಕೋರ್ಟಿಗೆ ಎಳೆದು, 2022ರಲ್ಲಿ ಗೆದ್ದಿತು. ನಿಜ ಹೇಳಬೇಕೆಂದರೆ ಹೆಸರಿನಲ್ಲೇ 'ತೋಫು' ಎಂದು ಒಪ್ಪಿಕೊಂಡ ಪದಾರ್ಥವನ್ನು ಹಕ್ಕಿ ಎಂದುಕೊಂಡು ಯಾರು ಕೊಳ್ಳುತ್ತಾರೋ ಗೊತ್ತಿಲ್ಲ.

ಕೊಳ್ಳುವವರು ನೋಡಬೇಕಾದದ್ದು ಬೇರೆ ಇದೆ. ಇಂಥ ರೋಸ್ಟ್‌ಗಳಲ್ಲಿ ಪ್ರೋಟೀನ್‌ಗೇನೂ ಕೊರತೆಯಿಲ್ಲ, ಆದರೆ ಉಪ್ಪು ಜಾಸ್ತಿ ಇರುವುದುಂಟು. ಬಿ12 ಜೀವಸತ್ವ ಹೊರಗಿನಿಂದ ಸೇರಿಸಿದ್ದರೆ ಮಾತ್ರ ಇರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿ ಗ್ಲುಟೆನ್‌ನ ರೋಸ್ಟ್ ಆಗಲೇ ಆಗದು. ಬಂದ ಅತಿಥಿಯನ್ನು ಮೊದಲೇ ಕೇಳಿಕೊಳ್ಳುವುದು ವಾಸಿ.

ಇನ್ನು ಶುಕ್ರವಾರದ ವಿಷಯ. ಹಬ್ಬದ ಮರುದಿನ ಅಮೆರಿಕದ ಮನೆಗಳಲ್ಲಿ ಉಳಿದ ಟರ್ಕಿಯ ಸ್ಯಾಂಡ್‌ವಿಚ್ ಆಗಲೇಬೇಕು. ಟರ್ಕಿ ಅಷ್ಟು ಹೊತ್ತಿಗೆ ಒಣಗಿರುತ್ತದೆ, ಮೇಯನೇಸ್ ಬಳಿದು ತಿನ್ನುತ್ತಾರೆ. ಗ್ಲುಟೆನ್ ರೋಸ್ಟ್‌ನದ್ದು ತದ್ವಿರುದ್ಧ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕೂತರೆ ಅದು ಇನ್ನಷ್ಟು ಬಿಗಿಯಾಗಿ, ಕಾಗದದಷ್ಟು ತೆಳುವಾಗಿ ಕೊಯ್ಯಲು ಬರುತ್ತದೆ. ಎರಡು ಬ್ರೆಡ್ಡಿನ ನಡುವೆ ಕ್ರ್ಯಾನ್‌ಬೆರಿ ಸಾಸ್, ಸ್ಟಫಿಂಗ್, ಈ ತೆಳು ಹೋಳು. ಗುರುವಾರ ಮೂಗು ಮುರಿದಿದ್ದವರೂ ಶುಕ್ರವಾರ ಮಧ್ಯಾಹ್ನ 'ನನಗೂ ಒಂದು ಮಾಡು' ಅನ್ನುವುದು ಹೆಚ್ಚಾಗಿ ಆಗಲೇ.